ಅಗತ್ತಿಯಲ್ಲಿ ತಿಂಡಿ, ಪೋರ್ಟ್ ಬ್ಲೇರ್‌ನಲ್ಲಿ ಊಟ: ಚಿಕ್ಕಪ್ಪನ ಲೆಕ್ಕ ತಪ್ಪಿದ್ದೆಲ್ಲಿ?

ನಮ್ಮ ಚಿಕ್ಕಪ್ಪ ರಿಟೈರ್ ಆಗಿ ಎರಡು ವರ್ಷ ಆಯಿತು. ಸಂಜೆ ಚಿಕ್ಕಬಳ್ಳಾಪುರದ ಮನೆಯ ಮಹಡಿ ಮೇಲೆ ಕುರ್ಚಿ ಹಾಕಿಕೊಂಡು ಕೂತು, ದೇವನಹಳ್ಳಿ ಕಡೆಯಿಂದ ಏರುವ ವಿಮಾನ ಎಣಿಸುವುದು ಈಗ ಅವರ ಡ್ಯೂಟಿ. ಎಣಿಸಿ ಎಣಿಸಿ ತಾವೂ ಒಂದರಲ್ಲಿ ಕೂರಬೇಕು ಅನ್ನಿಸಿದೆ. ಆಸೆ ಸಣ್ಣದಲ್ಲ. ಒಂದೇ ಪ್ರವಾಸದಲ್ಲಿ ದೇಶದ ಎರಡೂ ಕಡೆಯ ಸಮುದ್ರ ನೋಡಬೇಕಂತೆ. ಅರಬ್ಬಿ ಸಮುದ್ರದಲ್ಲಿ ಲಕ್ಷದ್ವೀಪದ ಅಗತ್ತಿ, ಬಂಗಾಳ ಕೊಲ್ಲಿಯ ಆಚೆ ಅಂಡಮಾನಿನ ಪೋರ್ಟ್ ಬ್ಲೇರ್. (2024ರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯ ಪುರಂ ಅಂತ ಹೆಸರು ಬದಲಾಗಿದೆ. ಆದರೆ ಚಿಕ್ಕಪ್ಪನಿಗೆ ಹಳೇ ಹೆಸರೇ ಬಾಯಿಗೆ ಬರುವುದು, ನನಗೂ ಅಷ್ಟೇ.)

ಹೋದ ಭಾನುವಾರ ನನ್ನನ್ನು ಕರೆದು ಮೊಬೈಲ್ ಕೈಗಿಟ್ಟರು. "ನೋಡೋ, ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ 2240 ಕಿಲೋಮೀಟರ್. 3 ಗಂಟೆ 18 ನಿಮಿಷ. ಬೆಳಿಗ್ಗೆ ಅಲ್ಲಿ ತಿಂಡಿ ತಿಂದು ಹೊರಟರೆ ಮಧ್ಯಾಹ್ನ ಊಟಕ್ಕೆ ಇಲ್ಲಿ. ಆದರೆ ಟಿಕೆಟ್ ಹುಡುಕಿದರೆ ಒಂದು ವಿಮಾನಾನೂ ತೋರಿಸ್ತಿಲ್ಲ. ನನ್ನ ಮೊಬೈಲ್ ಹಾಳಾಗಿದೆಯಾ?"

ಮೊಬೈಲ್ ಚೆನ್ನಾಗಿಯೇ ಇತ್ತು. ಎರಡು ಊರಿನ ಹೆಸರು ಕೊಟ್ಟರೆ ವಿಮಾನದ ದೂರ, ಸಮಯ ಹೇಳುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಆ ದೂರದ ಅಂಕಿ ಸರಿಯಾಗಿಯೇ ಇರುತ್ತದೆ. ಸಮಯದ ಅಂಕಿ ಮಾತ್ರ ಹೆಚ್ಚಿನ ಸಲ ಸುಮ್ನೆ ಒಂದು ಭಾಗಾಕಾರ. ನಾನು ಲೆಕ್ಕದ ಮೇಷ್ಟ್ರು, ಭಾನುವಾರವೂ ಚಾಕ್‌ಪೀಸ್ ಬಿಡುವವನಲ್ಲ. ಅಲ್ಲೇ ಕೂತು ಶುರು ಮಾಡಿದೆ.

ಮೊದಲು ದೂರ. ನಮ್ಮೂರಿಂದ ನಂದಿ ಬೆಟ್ಟ ಕಣ್ಣೆದುರಿಗೇ ಇದೆ. ನಕ್ಷೆ ಮೇಲೆ ದಾರ ಎಳೆದರೆ ಒಂಬತ್ತು ಕಿಲೋಮೀಟರ್ ಆಸುಪಾಸು. ಗಾಡಿಯಲ್ಲಿ ಹೋದರೆ ಅದರ ಎರಡು ಪಟ್ಟಿಗೆ ಕಡಿಮೆಯಿಲ್ಲ, ಯಾಕೆಂದರೆ ರಸ್ತೆ ಸುತ್ತಬೇಕು, ತಿರುವು ಹತ್ತಬೇಕು. ವೆಬ್‌ಸೈಟ್ ಹೇಳುವುದು ದಾರದ ದೂರ. ಆದರೆ ಭೂಮಿ ಚಪ್ಪಟೆ ಅಲ್ಲವಲ್ಲ, ಹಾಗಾಗಿ ದಾರವನ್ನು ಗುಂಡಗಿರುವ ವಸ್ತುವಿನ ಮೇಲೆ ಎಳೆಯಬೇಕು. ಗುಂಡಗಿರುವ ವಸ್ತು ನಮ್ಮ ಕಡೆ ಯಾವುದಿದೆ? ದೇವನಹಳ್ಳಿ ಚಕ್ಕೋತ. ಚಿಕ್ಕಮ್ಮ ಸಂತೆಯಿಂದ ತಂದಿದ್ದ ಒಂದು ಅಡುಗೆಮನೆಯಲ್ಲಿತ್ತು, ಎತ್ತಿಕೊಂಡು ಬಂದೆ.

ಚಕ್ಕೋತದ ತೊಳೆಗಳನ್ನು ನೆನಪಿಸಿಕೊಳ್ಳಿ. ನಡುವಿನಲ್ಲಿ ದಪ್ಪ, ಎರಡೂ ತುದಿಗೆ ಹೋಗುತ್ತಾ ಸಣ್ಣ. ಭೂಮಿಯ ಮೇಲಿನ ರೇಖಾಂಶಗಳೂ ಹಾಗೆಯೇ. ಸಮಭಾಜಕದ ಹತ್ತಿರ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್, ಧ್ರುವಕ್ಕೆ ಹೋದರೆ ಸೊನ್ನೆ. ಅಗತ್ತಿ ಇರುವುದು ಪೂರ್ವ ರೇಖಾಂಶ 72.2 ಡಿಗ್ರಿಯ ಹತ್ತಿರ, ಪೋರ್ಟ್ ಬ್ಲೇರ್ 92.7ರ ಹತ್ತಿರ. ಮಧ್ಯೆ ಇಪ್ಪತ್ತೂವರೆ ಡಿಗ್ರಿ. ಎರಡೂ ಉತ್ತರ ಅಕ್ಷಾಂಶ 11 ಡಿಗ್ರಿಯ ಆಚೀಚೆ ಇವೆ. ಅಲ್ಲಿ ತೊಳೆ ಸ್ವಲ್ಪವೇ ಸ್ವಲ್ಪ ಸಣ್ಣಗಾಗಿರುತ್ತದೆ, 111ನ್ನು 0.98ರಿಂದ ಗುಣಿಸಿದರೆ ಸಾಕು. 11 ಡಿಗ್ರಿಯ ಕೊಸೈನ್ ಅದು, ಹತ್ತನೇ ಕ್ಲಾಸಿನಲ್ಲಿ ಬೈದುಕೊಂಡು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. 20.5 ಸಲ 111, ಅದರ 0.98. ಉತ್ತರ 2230. ಯಾವ ವೆಬ್‌ಸೈಟೂ ಇಲ್ಲದೆ, ಬಿಲ್ಲಿನ ಹಿಂಭಾಗದಲ್ಲಿ ಬರೆದು, ಹತ್ತು ಕಿಲೋಮೀಟರ್ ವ್ಯತ್ಯಾಸದಲ್ಲಿ ಉತ್ತರ ಸಿಕ್ಕಿತು.

ಇಲ್ಲಿ ಚಿಕ್ಕಪ್ಪ ಒಂದು ತಕರಾರು ತೆಗೆದರು. "ಅದೇ ಪೇಜಿನಲ್ಲಿ 1392 ಅಂತಾನೂ ಇದೆ, 1210 ಅಂತಾನೂ ಇದೆ, ಯಾವುದು ನಿಜ?" ಮೂರೂ ನಿಜ. ಮೊದಲನೆಯದು ಕಿಲೋಮೀಟರ್, ಎರಡನೆಯದು ನಮ್ಮ ಹಳೇ ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಹಡಗಿನವರು, ವಿಮಾನದವರು ಇದರಲ್ಲೇ ಮಾತಾಡುವುದು. ನಮ್ಮ ತಾತನ ಕಾಲದವರು ಹರಿದಾರಿಯಲ್ಲಿ ಹೇಳುತ್ತಿದ್ದರಲ್ಲ, ಹಾಗೆ ಅವರವರ ಅಳತೆ.

ಗುಂಡಗಿನ ಮೇಲೆ ಎಳೆದ ದಾರದ ಇನ್ನೊಂದು ಆಟ ಇದೆ. ಗೋಡೆಯ ನಕ್ಷೆಯಲ್ಲಿ ನೇರ ಕಾಣುವ ಗೆರೆ ನಿಜವಾಗಿ ಹತ್ತಿರದ ದಾರಿ ಆಗಿರಬೇಕಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14 ಸಾವಿರ ಕಿಲೋಮೀಟರ್. 2021ರ ಜನವರಿಯಲ್ಲಿ ಅಲ್ಲಿಂದ ದೇವನಹಳ್ಳಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ತಂದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ತಂಡ. ಬಂದ ದಾರಿ ಉತ್ತರ ಧ್ರುವದ ಮೇಲೆ! ನಕ್ಷೆಯಲ್ಲಿ ನೋಡಿದರೆ ಸುತ್ತು ಬಳಸು, ಚಕ್ಕೋತದ ಮೇಲೆ ದಾರ ಬಿಗಿದರೆ ಅದೇ ಹತ್ತಿರ. ಅಗತ್ತಿ, ಪೋರ್ಟ್ ಬ್ಲೇರ್ ಎರಡೂ ಸಮಭಾಜಕದ ಸಮೀಪ ಇರುವುದರಿಂದ ಇಲ್ಲಿ ಆ ಬಾಗು ನಡುವಿನಲ್ಲಿ ಇಪ್ಪತ್ತು ಕಿಲೋಮೀಟರ್‌ನಷ್ಟು ಮಾತ್ರ. ತಲೆ ಕೆಡಿಸಿಕೊಳ್ಳುವುದು ಬೇಡ. ಗೆರೆ ಕೋಳಿಕ್ಕೋಡ್ ಆಸುಪಾಸಿನಲ್ಲಿ ನೆಲಕ್ಕೆ ಬಂದು, ಈರೋಡ್, ನಾಮಕ್ಕಲ್ ಪಕ್ಕದಲ್ಲೇ ಹಾದು, ಚಿದಂಬರಂ ಹತ್ತಿರ ಮತ್ತೆ ಸಮುದ್ರಕ್ಕೆ ಇಳಿಯುತ್ತದೆ.

ಅಲ್ಲಿಗೆ ದೂರದ ಕಥೆ ಆಯಿತು. ಸಮಯಕ್ಕೆ ಬರೋಣ, ತಮಾಷೆ ಇರುವುದು ಇಲ್ಲೇ.

ಈ 3 ಗಂಟೆ 18 ನಿಮಿಷ ಎಲ್ಲಿಂದ ಬಂತು ಅಂತ ಹಿಂದಿನಿಂದ ಲೆಕ್ಕ ಹಾಕಿದೆ. 2240ನ್ನು ಗಂಟೆಗೆ 800ರಂತೆ ಭಾಗಿಸಿದರೆ 2 ಗಂಟೆ 48 ನಿಮಿಷ. ಏರುವುದಕ್ಕೆ, ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿದರೆ 3 ಗಂಟೆ 18 ನಿಮಿಷ. ಸರಿಯಾಗಿ ಕೂತಿತು. ಅಂದರೆ ವೆಬ್‌ಸೈಟಿಗೆ ಯಾವ ವಿಮಾನ ಗೊತ್ತಿಲ್ಲ, ರನ್‌ವೇ ಗೊತ್ತಿಲ್ಲ, ಆ ದಾರಿಯಲ್ಲಿ ಯಾರಾದರೂ ಹೋಗುತ್ತಾರಾ ಅನ್ನುವುದೂ ಗೊತ್ತಿಲ್ಲ. ಎಲ್ಲಕ್ಕೂ ಒಂದೇ ಸೂತ್ರ.

ಈ ಸೂತ್ರ ಎಷ್ಟು ಮುಗ್ಗರಿಸುತ್ತದೆ ಅಂತ ನೋಡಬೇಕಾ? ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಅಂತ ದ್ವೀಪಗಳಿವೆ. ಅದರಲ್ಲಿ ವೆಸ್ಟ್ರೇ ಒಂದು, ಪಾಪಾ ವೆಸ್ಟ್ರೇ ಇನ್ನೊಂದು. ಎರಡರಲ್ಲೂ ಪುಟ್ಟ ಏರ್‌ಪೋರ್ಟ್ ಇದೆ, ನಡುವಿನ ದೂರ 2.7 ಕಿಲೋಮೀಟರ್. ಕೂಗಳತೆ ಅನ್ನಲಾಗದಿದ್ದರೂ ನಡೆದುಕೊಂಡು ಹೋಗುವ ದೂರ, ಮಧ್ಯೆ ಸಮುದ್ರ ಇಲ್ಲದಿದ್ದರೆ. 1967ರಿಂದ ಲೋಗನ್‌ಏರ್ ಕಂಪನಿಯವರು ಅಲ್ಲಿ ವಿಮಾನ ಬಿಡುತ್ತಿದ್ದಾರೆ. ಟೈಮ್‌ಟೇಬಲ್ ಇಟ್ಟುಕೊಂಡು ಹಾರುವ ವಿಮಾನಗಳಲ್ಲಿ ಪ್ರಪಂಚದಲ್ಲೇ ಇದರದ್ದು ಅತಿ ಚಿಕ್ಕ ಪ್ರಯಾಣ. ದೇವನಹಳ್ಳಿಯ ರನ್‌ವೇ 4 ಕಿಲೋಮೀಟರ್ ಉದ್ದ ಇದೆ, ಅಂದರೆ ಆ ಇಡೀ ಪ್ರಯಾಣ ನಮ್ಮ ಒಂದು ರನ್‌ವೇ ಒಳಗೇ ಮುಗಿದುಹೋಗುತ್ತದೆ. ಟೈಮ್‌ಟೇಬಲ್‌ನಲ್ಲಿ 2 ನಿಮಿಷ ಅಂತ ಬರೆದಿರುತ್ತಾರೆ, ಒಂದೂವರೆ ನಿಮಿಷದಲ್ಲಿ ಮುಗಿಯುವುದೂ ಉಂಟು, ಗಾಳಿ ಜೊತೆ ಕೊಟ್ಟಾಗ 53 ಸೆಕೆಂಡಿನಲ್ಲಿ ಮುಟ್ಟಿದ ದಾಖಲೆ ಇದೆ. ಈಗ ನಮ್ಮ ಸೂತ್ರ ಹಾಕಿ: 2.7 ಕಿಲೋಮೀಟರ್‌ಗೆ 800ರ ವೇಗದಲ್ಲಿ 12 ಸೆಕೆಂಡ್, ಮೇಲೆ ಅರ್ಧ ಗಂಟೆ. ಒಂದೂವರೆ ನಿಮಿಷದ ಕೆಲಸಕ್ಕೆ ಅರ್ಧ ಗಂಟೆ! ಅಲ್ಲಿ ಹಾರುವುದು ಎಂಟು ಜನ ಕೂರುವ ಪುಟಾಣಿ ವಿಮಾನ, ಬ್ರಿಟನ್-ನಾರ್ಮನ್ ಐಲ್ಯಾಂಡರ್ ಅಂತ. ಅದು ಮೋಡದ ಮೇಲಕ್ಕೆಲ್ಲ ಏರುವುದೇ ಇಲ್ಲ, ಎದ್ದ ತಕ್ಷಣ ಇಳಿಯುವ ತಯಾರಿ.

ಹಾಗಾದರೆ ಅಗತ್ತಿಯಲ್ಲಿ ಯಾವ ವಿಮಾನ ಇಳಿಯುತ್ತದೆ? ಚಿಕ್ಕಪ್ಪನ ಪ್ರವಾಸ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಅಗತ್ತಿ ಉದ್ದಕ್ಕೆ ಏಳೂವರೆ ಕಿಲೋಮೀಟರ್ ಇರುವ, ಅಗಲ ಜಾಸ್ತಿ ಅಂದರೆ ಒಂದು ಕಿಲೋಮೀಟರ್ ಇರುವ ಹವಳದ ದಿಬ್ಬ. 1988ರಲ್ಲಿ ಅದರ ದಕ್ಷಿಣದ ತುದಿಯಲ್ಲಿ ಏರ್‌ಪೋರ್ಟ್ ಶುರುವಾಯಿತು. ಲಕ್ಷದ್ವೀಪಕ್ಕೆಲ್ಲ ಇರುವುದು ಅದೊಂದೇ. ಫೋಟೋ ನೋಡಿದವರಿಗೆ ಗೊತ್ತು, ಆ ತುದಿಯಲ್ಲಿ ದ್ವೀಪ ಎಷ್ಟು ಕಿರಿದು ಅಂದರೆ ರನ್‌ವೇಯ ಎರಡೂ ಪಕ್ಕ ನೀರು. ರನ್‌ವೇ ಸುಮಾರು 1200 ಮೀಟರ್. ದೇವನಹಳ್ಳಿಯ ಒಂದು ರನ್‌ವೇಯಲ್ಲಿ ಅಂಥ ಮೂರು ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ನಾವು ಮಾಮೂಲಿಯಾಗಿ ಮುಂಬೈಗೆ, ದೆಹಲಿಗೆ ಹೋಗುವ ಜೆಟ್ ವಿಮಾನಕ್ಕೆ ಜನ, ಲಗೇಜು ತುಂಬಿಕೊಂಡು ಏರಲು ಸುಮಾರು ಎರಡು ಕಿಲೋಮೀಟರ್ ಓಟ ಬೇಕು. ಅಗತ್ತಿಯಲ್ಲಿ ಆ ಓಟಕ್ಕೆ ನೆಲವೇ ಇಲ್ಲ. ಹಾಗಾಗಿ ಅಲ್ಲಿಗೆ ಹೋಗುವುದು ರೆಕ್ಕೆಗೆ ಫ್ಯಾನು ಸಿಕ್ಕಿಸಿದ ಹಾಗೆ ಕಾಣುವ ಎಟಿಆರ್ ವಿಮಾನ. ಹುಬ್ಬಳ್ಳಿಗೋ ಮೈಸೂರಿಗೋ ಹೋಗುವಾಗ ಕೂತಿರುತ್ತೀರಿ. ಎಪ್ಪತ್ತು ಚಿಲ್ಲರೆ ಸೀಟು, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ, ಚಿಕ್ಕ ರನ್‌ವೇ ಇದ್ದರೂ ಅಡ್ಜಸ್ಟ್ ಮಾಡಿಕೊಳ್ಳುವ ಸ್ವಭಾವ.

ಆದರೆ ಎಟಿಆರ್ ದೂರದ ಕುದುರೆ ಅಲ್ಲ. ಜನ ತುಂಬಿಕೊಂಡರೆ ಒಂದೂವರೆ ಸಾವಿರ ಕಿಲೋಮೀಟರ್ ಒಳಗೇ ಅದರ ಆಟ ಮುಗಿಯುತ್ತದೆ. ಪೋರ್ಟ್ ಬ್ಲೇರ್‌ಗೆ ಬೇಕಾದದ್ದು 2240. ಅಂದರೆ ಅಗತ್ತಿಯಲ್ಲಿ ಇಳಿಯಬಲ್ಲ ವಿಮಾನಕ್ಕೆ ಪೋರ್ಟ್ ಬ್ಲೇರ್ ಮುಟ್ಟಲು ಆಗುವುದಿಲ್ಲ, ಪೋರ್ಟ್ ಬ್ಲೇರ್ ಮುಟ್ಟಬಲ್ಲ ವಿಮಾನಕ್ಕೆ ಅಗತ್ತಿಯಲ್ಲಿ ಇಳಿಯಲು ಆಗುವುದಿಲ್ಲ. ಚಿಕ್ಕಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೆಟ್ರೋಲ್ ಜಾಸ್ತಿ ಹಾಕಿಸಿದರೆ?" ಅಂದರು. ಒಳ್ಳೇ ಪ್ರಶ್ನೆ. ಇಂಧನಕ್ಕೂ ತೂಕ ಇದೆ. ತೂಕ ಜಾಸ್ತಿಯಾದಷ್ಟೂ ಏರಲು ಉದ್ದದ ರನ್‌ವೇ ಬೇಕು, ಉದ್ದದ ರನ್‌ವೇ ಇಲ್ಲ, ಆದ್ದರಿಂದ ಜನರನ್ನು ಇಳಿಸಬೇಕು. ಜೊತೆಗೆ ದ್ವೀಪದ ಕಷ್ಟ ಇನ್ನೊಂದಿದೆ. ಊರಿನ ಮೇಲೆ ಮೋಡ ಕವಿದು ಇಳಿಯಲು ಆಗದಿದ್ದರೆ ಪಕ್ಕದೂರಿನಲ್ಲಿ ಇಳಿಸೋಣ ಅನ್ನಲು ಪಕ್ಕದೂರೇ ಇಲ್ಲ. ಹೋದ ದಾರಿಯಲ್ಲೇ ವಾಪಸ್ ಬರುವಷ್ಟು ಇಂಧನ ಮೊದಲೇ ಹೊತ್ತುಕೊಂಡು ಹೋಗಬೇಕು. ಮಳೆಗಾಲದಲ್ಲಿ ಪೋರ್ಟ್ ಬ್ಲೇರ್‌ಗೆ ಹೊರಟ ವಿಮಾನ ಇಳಿಯಲಾಗದೆ ಚೆನ್ನೈಗೋ ಬೆಂಗಳೂರಿಗೋ ಹಿಂತಿರುಗಿದ ಸುದ್ದಿ ನೀವೂ ಓದಿರುತ್ತೀರಿ, ಕಾರಣ ಇದೇ.

ವಿಮಾನ ಬಿಡುವವರು ಇದ್ದರೂ ಹತ್ತುವವರು ಬೇಕಲ್ಲ, ಅದು ಬೇರೆ ಮಾತು. ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ದಿನಾ ಹೋಗುವವರು ನಮ್ಮ ಚಿಕ್ಕಪ್ಪನನ್ನು ಬಿಟ್ಟರೆ ಯಾರಿದ್ದಾರೋ.

ಸರಿ, ನೇರ ಇಲ್ಲ. ಮಧ್ಯೆ ಎಲ್ಲಾದರೂ ಇಳಿದು ಹತ್ತಬೇಕು. ಈ ಭಾಗ ನನಗೆ ತುಂಬಾ ಇಷ್ಟವಾಯಿತು, ಯಾಕೆಂದರೆ ಉತ್ತರ ಮನೆ ಬಾಗಿಲಿಗೇ ಬಂತು. 2024ರಲ್ಲಿ ದೇವನಹಳ್ಳಿಯಿಂದ ಅಗತ್ತಿಗೆ ನೇರ ಎಟಿಆರ್ ವಿಮಾನ ಶುರುವಾಗಿತ್ತು. ದಾರದ ದೂರ ಸುಮಾರು 660 ಕಿಲೋಮೀಟರ್. ದೇವನಹಳ್ಳಿಯಿಂದ ಪೋರ್ಟ್ ಬ್ಲೇರ್‌ಗೆ ಸುಮಾರು 1640. ಕೂಡಿದರೆ 2300. ನೇರ ದೂರ ಎಷ್ಟಿತ್ತು? 2240. ಜಾಸ್ತಿಯಾದದ್ದು ಬರೀ 60 ಕಿಲೋಮೀಟರ್! ನೇರ ಗೆರೆಯಿಂದ ದೇವನಹಳ್ಳಿ ಇನ್ನೂರಿಪ್ಪತ್ತು ಕಿಲೋಮೀಟರ್ ಉತ್ತರಕ್ಕಿದೆ, ಆದರೂ ಇಷ್ಟೇ. ಉದ್ದನೆಯ ಬಟ್ಟೆ ಒಣಹಾಕುವ ಹಗ್ಗವನ್ನು ನಡುವಿನಲ್ಲಿ ಹಿಡಿದು ಪಕ್ಕಕ್ಕೆ ಒಂದು ಗೇಣು ಎಳೆದು ನೋಡಿ, ಹಗ್ಗ ಬೇಕಾಗುವುದು ಸ್ವಲ್ಪವೇ ಜಾಸ್ತಿ. ಚಪ್ಪಟೆ ತ್ರಿಕೋನದ ಗುಣ ಅದು. ಕೊಚ್ಚಿ, ಚೆನ್ನೈ ಮೇಲೆ ಹೋದರೂ 2350ರ ಹತ್ತಿರವೇ ಬರುತ್ತದೆ, ಆದರೆ ಎರಡು ಕಡೆ ಇಳಿದು ಹತ್ತಬೇಕು.

ದೂರ ಬೆಳೆದದ್ದು 60 ಕಿಲೋಮೀಟರ್. ಸಮಯ? ಅಗತ್ತಿಯಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ ಎರಡು ಗಂಟೆ, ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಎರಡೂವರೆ ಗಂಟೆ ಆಸುಪಾಸು. ಹಾರಾಟವೇ ನಾಲ್ಕೂವರೆ. ಅಗತ್ತಿಯಲ್ಲಿ ಮೊದಲೇ ಹೋಗಿ ಕೂರುವುದು, ದೇವನಹಳ್ಳಿಯಲ್ಲಿ ಲಗೇಜಿಗೆ ಕಾಯುವುದು, ಮತ್ತೆ ಸೆಕ್ಯೂರಿಟಿ ಕ್ಯೂ, ಮತ್ತೆ ಗೇಟಿನ ಮುಂದೆ ಆಕಳಿಕೆ. ವಿಮಾನಗಳ ವೇಳೆ ಒಂದಕ್ಕೊಂದು ಹೊಂದಿದರೆ ಒಂದು ದಿನ, ಹೊಂದದಿದ್ದರೆ ಎರಡು. ಅಂಡಮಾನಿಗೆ ಹೋಗುವ ವಿಮಾನ ಬೆಳಿಗ್ಗೆ, ಅಗತ್ತಿಯಿಂದ ಬರುವುದು ಮಧ್ಯಾಹ್ನ ಅಂತಾದರೆ ಹೊಂದುವುದೇ ಇಲ್ಲ. ವೇಳಾಪಟ್ಟಿ ಸೀಸನ್ನಿಗೊಮ್ಮೆ ಬದಲಾಗುತ್ತದೆ, ಬುಕ್ ಮಾಡುವ ದಿನವೇ ನೋಡಿಕೊಳ್ಳಿ. ಎರಡೂ ಟಿಕೆಟ್ ಒಟ್ಟಿಗೆ ಒಂದೇ ಬುಕಿಂಗ್‌ನಲ್ಲಿ ಇದ್ದರೆ ಮೊದಲನೆಯದು ತಡವಾದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ತೆಗೆದುಕೊಂಡಿದ್ದರೆ ಹೊಣೆ ನಿಮ್ಮದು. ಇದನ್ನು ನಾನು ಸ್ವಂತ ದುಡ್ಡು ಕಳೆದುಕೊಂಡು ಕಲಿತಿದ್ದೇನೆ.

ಟಿಕೆಟಿನ ಮೇಲೆ ಬರೆದಿರುವ ಸಮಯದಲ್ಲೂ ಒಂದು ಗುಟ್ಟು ಇದೆ. ಅದು ಆಕಾಶದಲ್ಲಿ ಇರುವ ಸಮಯ ಅಲ್ಲ. ವಿಮಾನ ನಿಂತ ಜಾಗದಿಂದ ಅಲುಗಿದ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ಬಂದು ನಿಂತ ಗಳಿಗೆವರೆಗಿನ ಲೆಕ್ಕ. ಬ್ಲಾಕ್ ಟೈಮ್ ಅನ್ನುತ್ತಾರೆ. ದೇವನಹಳ್ಳಿಯಲ್ಲಿ ರನ್‌ವೇ ತುದಿಗೆ ಹೋಗುವ ಹೊತ್ತಿಗೆ ಕೆಲವೊಮ್ಮೆ ನಡೆದುಕೊಂಡೇ ಚಿಕ್ಕಬಳ್ಳಾಪುರ ಸೇರಬಹುದಿತ್ತು ಅನ್ನಿಸುತ್ತದೆ, ಆ ಹೊತ್ತೂ ಇದರಲ್ಲಿ ಸೇರಿದೆ. ಕಂಪನಿಯವರು ಮೇಲೊಂದಿಷ್ಟು ನಿಮಿಷ ಕೈಯಲ್ಲಿ ಇಟ್ಟುಕೊಂಡಿರುತ್ತಾರೆ. ಹಾಗಾಗಿಯೇ ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಎಷ್ಟೋ ಸಲ ಹತ್ತೇ ನಿಮಿಷ ತಡವಾಗಿ ಇಳಿಯುತ್ತದೆ. ಪೈಲಟ್ ಜೋರಾಗಿ ಓಡಿಸಿದ ಅಂತ ನಾವು ಅಂದುಕೊಳ್ಳುತ್ತೇವೆ.

ಇನ್ನು ಗಾಳಿ. ಹೋಗುವುದಕ್ಕೆ ಒಂದು ಸಮಯ, ಬರುವುದಕ್ಕೆ ಇನ್ನೊಂದು ಸಮಯ ಯಾಕೆ ಅಂತ ಕೇಳುವವರು ಬಹಳ. ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ವಿವರಿಸುವುದು ಬೇಡ. ಮಳೆಗಾಲದಲ್ಲಿ, ಅದರಲ್ಲೂ ಜುಲೈ, ಆಗಸ್ಟ್‌ನಲ್ಲಿ, ನೆಲದ ಮೇಲೆ ಗಾಳಿ ಅರಬ್ಬಿ ಸಮುದ್ರದ ಕಡೆಯಿಂದ ಬೀಸುತ್ತದೆ, ಆದರೆ ದಕ್ಷಿಣ ಭಾರತದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಪೂರಾ ಉಲ್ಟಾ, ಮೂಡಣದಿಂದ ಪಡುವಣಕ್ಕೆ ಜೋರು ಗಾಳಿ. ಇದನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಹೋಗುವ ಜೆಟ್ಟಿಗೆ ಆ ಗಾಳಿ ಎದುರು, ಬರುವಾಗ ಬೆನ್ನಿಗೆ. ಗಾಳಿ ಗಂಟೆಗೆ 80 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. 1640 ಕಿಲೋಮೀಟರ್‌ಗೆ ಹೋಗುವಾಗ 720ರ ವೇಗ, 137 ನಿಮಿಷ. ಬರುವಾಗ 880ರ ವೇಗ, 112 ನಿಮಿಷ. ಇಪ್ಪತ್ತೈದು ನಿಮಿಷದ ವ್ಯತ್ಯಾಸ. ಎರಡೂ ಕೂಡಿದರೆ 249. ಗಾಳಿಯೇ ಇಲ್ಲದಿದ್ದರೆ 246 ಆಗುತ್ತಿತ್ತು. ಗಾಳಿ ಹೋಗುವಾಗ ಕಿತ್ತುಕೊಂಡದ್ದನ್ನು ಬರುವಾಗ ಪೂರ್ತಿ ವಾಪಸ್ ಕೊಡುವುದಿಲ್ಲ, ಬಡ್ಡಿ ಮುರಿದುಕೊಂಡೇ ಕೊಡುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಇದರ ತದ್ವಿರುದ್ಧ, ಪಡುವಣ ಗಾಳಿ. ದೆಹಲಿಯಿಂದ ಗುವಾಹಟಿಗೆ ಬೇಗ, ಬರುವಾಗ ತಡ.

ಚಿಕ್ಕಪ್ಪ ಅಷ್ಟಕ್ಕೇ ಬಿಡುವವರಲ್ಲ. "ಭೂಮಿ ತಿರುಗ್ತಾ ಇದೆಯಲ್ಲ. ಪೋರ್ಟ್ ಬ್ಲೇರ್‌ನಿಂದ ಮೇಲೆದ್ದು ಸುಮ್ನೆ ನಿಂತರೆ ಸಾಕು, ನಮ್ಮೂರೇ ಕೆಳಗೆ ಬರಲ್ವಾ?" ಬರುವುದಿಲ್ಲ. ಓಡುವ ಬಸ್ಸಿನಲ್ಲಿ ಕೂತು ನಾಣ್ಯ ಮೇಲಕ್ಕೆ ಎಸೆದರೆ ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ತಲೆಗಲ್ಲ. ಗಾಳಿ, ವಿಮಾನ, ಚಿಕ್ಕಪ್ಪ, ಎಲ್ಲರೂ ಭೂಮಿಯ ಜೊತೆಗೇ ತಿರುಗುತ್ತಿದ್ದಾರೆ. ಆ ಲಾಭ ಪಡೆಯುವವನು ಸೂರ್ಯ ಒಬ್ಬನೇ. ಒಂದು ಡಿಗ್ರಿಗೆ 4 ನಿಮಿಷದಂತೆ, ಪೋರ್ಟ್ ಬ್ಲೇರ್‌ನಲ್ಲಿ ಹುಟ್ಟಿದ ಸೂರ್ಯ ಅಗತ್ತಿಗೆ ಬರಲು ಇಪ್ಪತ್ತೂವರೆ ಡಿಗ್ರಿಗೆ 82 ನಿಮಿಷ. ಎರಡೂ ಕಡೆ ಗಡಿಯಾರ ಮಾತ್ರ ಒಂದೇ, ದೇಶಕ್ಕೆಲ್ಲ ಒಂದೇ ಸಮಯ ಅಲ್ವಾ. ಅದಕ್ಕೇ ಅಂಡಮಾನಿನಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕು ಹರಿದಿರುತ್ತದೆ, ಸಂಜೆ ಟೀ ಕುಡಿದು ಮುಗಿಸುವಷ್ಟರಲ್ಲಿ ಕತ್ತಲೆ. ಅಲ್ಲಿ ಸುತ್ತಾಡುವ ಪ್ಲಾನ್ ಮಾಡುವವರು ಅಲಾರಾಂ ಬೇಗ ಇಟ್ಟುಕೊಳ್ಳಬೇಕು.

ಅಗತ್ತಿಗೆ ವಿಮಾನ ಸಿಗದಿದ್ದರೆ ಕೊಚ್ಚಿಯಿಂದ ಹಡಗಿದೆ, ದ್ವೀಪ ನೋಡಿಕೊಂಡು ಹದಿನಾಲ್ಕರಿಂದ ಹದಿನೆಂಟು ಗಂಟೆ. ಹೇಗೆ ಹೋದರೂ ಲಕ್ಷದ್ವೀಪಕ್ಕೆ ಮೊದಲೇ ಪರ್ಮಿಟ್ ಮಾಡಿಸಬೇಕು, ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ವೆಬ್‌ಸೈಟಿನ 3 ಗಂಟೆ 18 ನಿಮಿಷದಲ್ಲಿ ಸೇರಿಲ್ಲ.

ಎಲ್ಲ ಕೇಳಿಸಿಕೊಂಡು ಚಿಕ್ಕಪ್ಪ ಚಕ್ಕೋತ ಸುಲಿಯಲು ಶುರು ಮಾಡಿದರು. ನಾಲ್ಕು ತೊಳೆ ಮುಗಿಯುವಷ್ಟರಲ್ಲಿ ಹೊಸ ಪ್ಲಾನ್ ತಯಾರು. ಅಗತ್ತಿಯಿಂದ ಬಂದು ದೇವನಹಳ್ಳಿಯಲ್ಲಿ ಇಳಿಯುವುದು, ಅಲ್ಲಿಂದ ಮನೆಗೆ ಮೂವತ್ತು ಕಿಲೋಮೀಟರ್, ಹೈದರಾಬಾದ್ ಹೈವೇಯಲ್ಲಿ ಮುಕ್ಕಾಲು ಗಂಟೆ. ರಾತ್ರಿ ಮನೆಯಲ್ಲೇ ಮುದ್ದೆ ಉಂಡು ಮಲಗಿ, ಮಾರನೇ ಬೆಳಿಗ್ಗೆ ಪೋರ್ಟ್ ಬ್ಲೇರ್‌ಗೆ. ಹೋಟೆಲ್ ಖರ್ಚೂ ಉಳಿಯಿತು ಅಂದರು. ಒಳಗಿನಿಂದ ಚಿಕ್ಕಮ್ಮನ ದನಿ ಬಂತು: "ಮಧ್ಯೆ ಮನೆಗೆ ಬಂದರೆ ನಾನು ಅಡುಗೆ ಮಾಡಲ್ಲ, ಈಗಲೇ ಹೇಳಿದ್ದೀನಿ."